ಮನೆ ಶೆಡ್ಡಿಗೊಂದು ವೆಲ್ಡಿಂಗ್ ಪಾಯಿಂಟ್

ಮೀಟರ್ ಬೋರ್ಡಿನಿಂದ ವೆಲ್ಡಿಂಗ್ ಮಿಷನ್ನಿಗೆಂದೇ ಬೇರೆಯಾಗಿ ಎಳೆದ ಲೈನನ್ನು ವೈರಿಂಗ್ ಕೆಲಸದವರು ವೆಲ್ಡಿಂಗ್ ಪಾಯಿಂಟ್ ಎನ್ನುತ್ತಾರೆ. ಅದರ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು) ಬೇರೆ, ವೈರು ಬೇರೆ, ಸಾಕೆಟ್ಟು ಬೇರೆ. ಮನೆಯ ದೀಪ, ಫ್ಯಾನು, ಮಿಕ್ಸಿಗಳಿಗೂ ಅದಕ್ಕೂ ಮೀಟರಿನ ಹತ್ತಿರ ಬಿಟ್ಟರೆ ಇನ್ನೆಲ್ಲೂ ಸಂಬಂಧವಿರಬಾರದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮನೆಗಳಲ್ಲಿ ಇಂಥ ಪಾಯಿಂಟಿನ ಅಗತ್ಯ ಬಿದ್ದಿದ್ದು ಇನ್ವರ್ಟರ್ ಮಾದರಿಯ ವೆಲ್ಡಿಂಗ್ ಮಿಷನ್ನುಗಳು ಅಗ್ಗವಾದ ಮೇಲೆ. ಅದಕ್ಕೆ ಮೊದಲು ವೆಲ್ಡಿಂಗ್ ಎಂದರೆ ಮೇನ್ ರೋಡಿನ ಶಾಪು, ಅಲ್ಲಿ ತ್ರೀ ಫೇಸ್ ಕರೆಂಟು, ಇಬ್ಬರು ಸೇರಿ ತಳ್ಳಬೇಕಾದ ತಾಮ್ರದ ಸುರುಳಿಯ ಟ್ರಾನ್ಸ್‌ಫಾರ್ಮರ್ ಸೆಟ್ಟು. ಈಗ ಐದಾರು ಕಿಲೋ ತೂಕದ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡು ಮನೆಗೆ ತರಬಹುದು. ಟ್ರಾಕ್ಟರ್ ಟ್ರೈಲರಿನ ಬಿರುಕು, ದನದ ಕೊಟ್ಟಿಗೆಯ ಕಂಬಿ, ರೇಷ್ಮೆ ಮನೆಯ ಸ್ಟ್ಯಾಂಡು, ಬೋರ್‌ವೆಲ್ಲಿನ ಕ್ಲ್ಯಾಂಪು, ಮಾವಿನ ತೋಟದ ಗೇಟು, ಹೀಗೆ ರೈತರ ಮನೆಯಲ್ಲಿ ಅದಕ್ಕೆ ಕೆಲಸಕ್ಕೇನೂ ಕೊರತೆಯಿಲ್ಲ. ಮಿಷನ್ನು ಹಗುರವಾಯಿತೆಂದು ಅದು ಎಳೆಯುವ ಕರೆಂಟು ಹಗುರವಾಗಲಿಲ್ಲ. ತೊಂದರೆಗಳೆಲ್ಲ ಶುರುವಾಗುವುದು ಇಲ್ಲಿಂದ.

ಭಾರೀ ವಿದ್ಯುತ್ತು ಈ ಜಿಲ್ಲೆಗೆ ಹೊಸದಲ್ಲ. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿದೀಪ ಉರಿದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಗಣಿಯ ಪಕ್ಕದಲ್ಲೇ ಆಮೇಲೆ ಬಂದ ಬಿಇಎಂಎಲ್ ಕಾರ್ಖಾನೆಯಲ್ಲಿ ಬುಲ್ಡೋಜರು, ಅಗೆಯುವ ಯಂತ್ರಗಳ ಮೈಯೆಲ್ಲ ವೆಲ್ಡಿಂಗಿನಿಂದಲೇ ಕೂಡುವಂಥದು. ಗಣಿಗೂ ಕಾರ್ಖಾನೆಗೂ ಬಂದ ವಿದ್ಯುತ್ತು ಅಳತೆ ಮಾಡಿ ಎಳೆದದ್ದು, ನೋಡಿಕೊಳ್ಳಲು ಎಂಜಿನಿಯರುಗಳಿದ್ದದ್ದು. ಹಳ್ಳಿಮನೆಯ ಲೈನು ಹಾಗಿಲ್ಲ. ಎರಡು ಬಲ್ಬು, ಒಂದು ಟಿವಿಯ ಲೆಕ್ಕದಲ್ಲಿ ಎಳೆದ ಸರ್ವಿಸ್ ವೈರಿನ ತುದಿಗೆ ಈಗ ವೆಲ್ಡಿಂಗ್ ಮಿಷನ್ನು ಬಂದು ಕೂತಿದೆ.

ಆರ್ಕ್ ವೆಲ್ಡಿಂಗಿನಲ್ಲಿ ವೋಲ್ಟೇಜು ಕಡಿಮೆ, ಕರೆಂಟು ಜಾಸ್ತಿ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ಕಿಡಿಯ ವೋಲ್ಟೇಜು 20ರಿಂದ 28ರ ಆಸುಪಾಸಿನಲ್ಲಿರುತ್ತದೆ. ಅದರೊಳಗೆ ಹರಿಯುವ ಕರೆಂಟು ನೂರಾರು ಆಂಪಿಯರ್. ಗೇಟು, ಗ್ರಿಲ್ಲುಗಳಿಗೆ ಹೆಚ್ಚಾಗಿ ಬಳಸುವ 3.15 ಮಿಲಿಮೀಟರ್ ರಾಡಿಗೆ 110 ಆಂಪಿಯರ್ ಇಟ್ಟರೆ ಕಿಡಿಯಲ್ಲಿ ಸುಮಾರು 2.7 ಕಿಲೋವಾಟ್ ಖರ್ಚಾಗುತ್ತದೆ. ಮಿಷನ್ನಿನೊಳಗೆ ಶಾಖವಾಗಿ ಹೋಗುವುದನ್ನೂ ಪವರ್ ಫ್ಯಾಕ್ಟರಿನ ಕೊರತೆಯನ್ನೂ ಸೇರಿಸಿದರೆ 230 ವೋಲ್ಟಿನ ಸಿಂಗಲ್ ಫೇಸ್ ಸಾಕೆಟ್ಟಿನಿಂದ ಎಳೆಯುವುದು ಸುಮಾರು 20 ಆಂಪಿಯರ್. 200 ಆಂಪಿಯರ್ ಎಂದು ಬರೆದಿರುವ ಮಿಷನ್ನನ್ನು ಪೂರ್ತಿ ತಿರುಗಿಸಿದರೆ ಅದು 40ರ ಹತ್ತಿರ ಹೋಗುತ್ತದೆ. ಮನೆಯ ದೊಡ್ಡ ಸಾಕೆಟ್ಟು, ಅಂದರೆ ಗೀಸರ್, ಫ್ರಿಜ್ಜಿಗೆ ಹಾಕುವ ‘ಪವರ್ ಪ್ಲಗ್ಗು’, ತಡೆಯುವುದು 16 ಆಂಪಿಯರ್ ಮಾತ್ರ. ಎರಡೂವರೆ ಮಿಲಿಮೀಟರಿನ ಸಣ್ಣ ರಾಡಿನಲ್ಲಿ ತೆಳು ತಗಡು ಕೂಡಿಸುವುದು ಅದರಲ್ಲಿ ಹೇಗೋ ನಡೆಯುತ್ತದೆ. ಅದಕ್ಕಿಂತ ದೊಡ್ಡ ಕೆಲಸ ಹಿಡಿದರೆ ಮೊದಲು ಕಪ್ಪಾಗುವುದು ಸಾಕೆಟ್ಟಿನೊಳಗಿನ ಹಿತ್ತಾಳೆ ಚಿಮಟ. ಪ್ಲಗ್ಗಿನ ತಲೆ ಕತ್ತರಿಸಿ, ಬರಿಯ ವೈರನ್ನು ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿಯಲ್ಲಿ ಒತ್ತುವ ರೂಢಿ ಈಗಲೂ ಹೋಗಿಲ್ಲ. ಹಾಗೆ ತುರುಕಿದಾಗ ಅರ್ಥ್ ವೈರು ಸಾಮಾನ್ಯವಾಗಿ ಹೊರಗೇ ಉಳಿಯುತ್ತದೆ. ಎಲ್ಲಕ್ಕಿಂತ ಅಪಾಯದ ಸಂಗತಿ ಅದೇ.

ಎಷ್ಟು ದಪ್ಪದ ವೈರು, ಎಷ್ಟರ ಎಂಸಿಬಿ ಎಂಬ ಪ್ರಶ್ನೆಗೆ ಉತ್ತರ ಮಿಷನ್ನಿನ ಹಿಂಭಾಗದ ತಗಡಿನ ಪಟ್ಟಿಯಲ್ಲೇ ಇರುತ್ತದೆ. ಅಲ್ಲಿ ಐ1 ಮ್ಯಾಕ್ಸ್, ಐ1 ಎಫೆಕ್ಟಿವ್ ಎಂದು ಎರಡು ಅಂಕಿಗಳಿರುತ್ತವೆ. ಮೊದಲನೆಯದು ಕಿಡಿ ಪೂರ್ತಿ ಜೋರಾಗಿ ಉರಿಯುವಾಗ ಲೈನಿನಿಂದ ಎಳೆಯುವ ಕರೆಂಟು. ಎರಡನೆಯದು ವಿರಾಮದ ಹೊತ್ತನ್ನೂ ಲೆಕ್ಕ ಹಾಕಿದ ಮೇಲೆ ವೈರನ್ನು ನಿಜವಾಗಿ ಕಾಯಿಸುವ ಕರೆಂಟು. ವೆಲ್ಡಿಂಗ್ ಯಾವಾಗಲೂ ಬಿಟ್ಟು ಬಿಟ್ಟು ನಡೆಯುವ ಕೆಲಸ: ರಾಡು ಬದಲಿಸಬೇಕು, ಕಿಟ್ಟ ಒಡೆಯಬೇಕು, ಮೂಲೆಮಟ್ಟ ಹಿಡಿದು ನೋಡಬೇಕು. ಪಟ್ಟಿಯಲ್ಲಿ ಡ್ಯೂಟಿ ಸೈಕಲ್ 60 ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕಿಡಿ, ನಾಲ್ಕು ನಿಮಿಷ ವಿರಾಮ ಎಂದರ್ಥ. ಅಂಥ ಮಿಷನ್ನು 40 ಆಂಪಿಯರ್ ಎಳೆದರೂ ವೈರಿನ ಪಾಲಿಗೆ ಅದು 31 ಆಂಪಿಯರ್ ಇದ್ದಂತೆ. ಆದ್ದರಿಂದ ವೈರಿನ ದಪ್ಪವನ್ನು ಎರಡನೆಯ ಅಂಕಿ ನೋಡಿ ಆರಿಸುತ್ತಾರೆ. ಎಂಸಿಬಿ ಮಾತ್ರ ಮೊದಲನೆಯ ಅಂಕಿಯ ಕ್ಷಣಿಕ ಏರಿಕೆಯನ್ನೂ ತಾಳಬೇಕು. ಪಟ್ಟಿಯೇ ಇಲ್ಲದ, ಅಥವಾ ನಂಬಲಾಗದ ಅಂಕಿ ಬರೆದ ಅಗ್ಗದ ಮಿಷನ್ನುಗಳೂ ಮಾರುಕಟ್ಟೆಯಲ್ಲಿವೆ. ಅವುಗಳಿಗೆ ಕ್ಲ್ಯಾಂಪ್ ಮೀಟರ್ ಹಿಡಿದು ಅಳೆಯುವುದೇ ದಾರಿ.

ಮನೆಯ ಬಳಕೆಯ ಇನ್ವರ್ಟರ್ ಮಿಷನ್ನಿಗೆ 32 ಆಂಪಿಯರಿನ ಡಬಲ್ ಪೋಲ್ ಎಂಸಿಬಿ, 6 ಚದರ ಮಿಲಿಮೀಟರಿನ ತಾಮ್ರದ ವೈರು ಸಾಮಾನ್ಯ ಜೋಡಿ. ಶೆಡ್ಡು ಮನೆಯಿಂದ ದೂರವಿದ್ದರೆ ಲೆಕ್ಕ ಬದಲಾಗುತ್ತದೆ. ಮೀಟರಿನಿಂದ 30 ಮೀಟರ್ ದೂರದ ಶೆಡ್ಡಿಗೆ 2.5 ಚದರ ಮಿಲಿಮೀಟರಿನ ವೈರು ಎಳೆದು 25 ಆಂಪಿಯರ್ ಹರಿಸಿದರೆ ದಾರಿಯಲ್ಲೇ 11 ವೋಲ್ಟ್ ಕಳೆದುಹೋಗುತ್ತದೆ, ಸುಮಾರು 280 ವಾಟ್ ವೈರಿನೊಳಗೇ ಶಾಖವಾಗುತ್ತದೆ. ಅದೇ ದೂರಕ್ಕೆ 6 ಚದರ ಮಿಲಿಮೀಟರಿನ ವೈರಿದ್ದರೆ ನಷ್ಟ ಐದು ವೋಲ್ಟಿಗಿಂತ ಕಡಿಮೆ. ದೂರ ಇನ್ನೂ ಹೆಚ್ಚಾದರೆ 10 ಚದರ ಮಿಲಿಮೀಟರಿಗೆ ಹೋಗುವುದು ಲೇಸು. ಏಪ್ರಿಲ್ ತಿಂಗಳ ಬಿಸಿಲಿಗೆ ಕಾದ ಶೀಟಿನ ಕೆಳಗೆ ಪೈಪಿನೊಳಗೆ ಹಾಯುವ ವೈರು ತಾಳುವ ಕರೆಂಟು ಕೆಟಲಾಗಿನಲ್ಲಿ ಬರೆದದ್ದಕ್ಕಿಂತ ಕಡಿಮೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ವೆಲ್ಡಿಂಗ್ ಮಾಡಿದರೆ ಒಳಸುತ್ತುಗಳ ಶಾಖ ಹೊರಹೋಗಲಾರದೆ ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳುತ್ತದೆ. ಅದನ್ನು ಪೂರ್ತಿ ಬಿಚ್ಚಿ ಹಾಸಲೇಬೇಕು.

ವೋಲ್ಟೇಜು ಇಳಿದಾಗ ದೀಪ ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ. ಇನ್ವರ್ಟರ್ ಮಿಷನ್ನಿನ ರೀತಿ ಬೇರೆ: ಕಿಡಿಯ ಶಕ್ತಿಯನ್ನು ಹಾಗೇ ಉಳಿಸಿಕೊಳ್ಳಲು ಅದು ಲೈನಿನಿಂದ ಇನ್ನಷ್ಟು ಕರೆಂಟು ಎಳೆಯುತ್ತದೆ. 230ರಲ್ಲಿ 20 ಆಂಪಿಯರ್ ಎಳೆಯುತ್ತಿದ್ದದ್ದು 190ಕ್ಕೆ ಇಳಿದಾಗ 25ರ ಹತ್ತಿರ ಹೋಗುತ್ತದೆ. ಸಂಜೆ ಎಲ್ಲರ ಮನೆಯ ಮೋಟಾರು, ದೀಪ ಒಟ್ಟಿಗೆ ಓಡುವ ಹೊತ್ತಿನಲ್ಲಿ, ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ದೂರದ ಕೊನೆ ಕಂಬದ ಮನೆಯಲ್ಲಿ ಎಂಸಿಬಿ ಪದೇ ಪದೇ ಬೀಳುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅದಕ್ಕೆ ದೊಡ್ಡ ಎಂಸಿಬಿ ಹಾಕುವುದು ಮದ್ದಾಗದು, ವೈರು ಸುಡಲು ಅನುಮತಿ ಕೊಟ್ಟಂತಾಗುತ್ತದೆ.

ತ್ರೀ ಫೇಸ್ ಇರುವಲ್ಲಿ ವಿಷಯ ಸ್ವಲ್ಪ ಬೇರೆ. ಹಳೆಯ ಟ್ರಾನ್ಸ್‌ಫಾರ್ಮರ್ ಸೆಟ್ಟುಗಳಲ್ಲಿ ಹಲವು ಎರಡು ಫೇಸಿನ ನಡುವಿನ 415 ವೋಲ್ಟಿನಲ್ಲಿ ಓಡುವಂಥವು. ಅದೇ ಕೆಲಸಕ್ಕೆ ಲೈನಿನ ಕರೆಂಟು ಅಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. 230ರ ಇನ್ವರ್ಟರ್ ಮಿಷನ್ನನ್ನು ತಪ್ಪಿ ಆ ಎರಡು ತಂತಿಗಳಿಗೆ ಕೊಟ್ಟರೆ ಒಳಗಿನ ಕೆಪಾಸಿಟರುಗಳು ಆ ಕ್ಷಣಕ್ಕೇ ಸಿಡಿಯುತ್ತವೆ. ಇದನ್ನು ತಪ್ಪಿಸಲೆಂದೇ ಕಾರ್ಖಾನೆ ಮಾದರಿಯ ಪ್ಲಗ್ಗು-ಸಾಕೆಟ್ಟುಗಳಿಗೆ ಬಣ್ಣದ ಗುರುತಿದೆ: ನೀಲಿಯದು 230 ವೋಲ್ಟಿಗೆ, ಕೆಂಪಿನದು 415ಕ್ಕೆ. ಅರ್ಥ್ ಪಿನ್ನು ಬೇರೆ ಪಿನ್ನುಗಳಿಗಿಂತ ದಪ್ಪ. ಅದರ ಜಾಗ ಒಂದೊಂದು ವೋಲ್ಟೇಜಿಗೆ ಒಂದೊಂದು ಕಡೆ ಇರುವುದರಿಂದ ಒಂದರ ಪ್ಲಗ್ಗು ಇನ್ನೊಂದರ ಸಾಕೆಟ್ಟಿಗೆ ಕೂರುವುದೇ ಇಲ್ಲ. 32 ಆಂಪಿಯರಿನ ಮೂರು ಪಿನ್ನಿನ ನೀಲಿ ಸಾಕೆಟ್ಟು ಮನೆ ಶೆಡ್ಡಿಗೆ ಸಾಕು. ಜಿಲ್ಲಾ ಕೇಂದ್ರದ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ ಈ ಸರಕನ್ನು ಮನೆಗಳಲ್ಲಿ ಬಳಸುವವರು ಯಾಕೋ ಕಡಿಮೆ. ಸ್ವಿಚ್ ಬೋರ್ಡಿನ ಅಂದಕ್ಕೆ ಒಗ್ಗುವುದಿಲ್ಲ ಎಂಬುದೇ ಕಾರಣವಿದ್ದೀತು. ವೈರಿನ ಬಣ್ಣಕ್ಕೂ ನಮ್ಮಲ್ಲಿ ಕಟ್ಟಳೆಯಿದೆ: ಫೇಸಿಗೆ ಕೆಂಪು, ಹಳದಿ, ನೀಲಿ, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು. ಮಿಷನ್ನಿನ ಜೊತೆ ಬರುವ ವೈರು ಹೊರದೇಶದ ಕಟ್ಟಳೆಯದಾಗಿದ್ದರೆ ಅದರಲ್ಲಿ ನೀಲಿಯೇ ನ್ಯೂಟ್ರಲ್, ಕಂದು ಫೇಸು. ಕೂಡಿಸುವ ಮುನ್ನ ಟೆಸ್ಟರಿಗಿಂತ ಮಲ್ಟಿಮೀಟರನ್ನು ನಂಬುವುದು ಕ್ಷೇಮ.

ಈ ತಾಲ್ಲೂಕುಗಳಲ್ಲಿ ಇಡೀ ಕೆಲಸದ ದುರ್ಬಲ ಕೊಂಡಿ ಅರ್ಥಿಂಗು. ಪಠ್ಯಪುಸ್ತಕದಲ್ಲಿ ಹೇಳುವುದು ಹೀಗೆ: ಫೇಸ್ ವೈರು ಮಿಷನ್ನಿನ ತಗಡಿಗೆ ತಗುಲಿದರೆ ಅರ್ಥ್ ಮೂಲಕ ಭಾರೀ ಕರೆಂಟು ಹರಿದು ಎಂಸಿಬಿ ಬೀಳುತ್ತದೆ. ಹಾಗಾಗಲು ಭೂಮಿ ಆ ಕರೆಂಟನ್ನು ಹೊರಬೇಕು. ಕೋಲಾರ ಸೀಮೆಯ ನೆಲ ಮೇಲೆ ತೆಳುವಾದ ಕೆಂಪು ಮಣ್ಣು, ಅದರಡಿ ಗರಸು, ಅದರಡಿ ಗಟ್ಟಿ ಬಂಡೆ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟುವ ಊರುಗಳಿವೆ. ಒಣಗಿದ ಗರಸಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದಿಲ್ಲ. 40 ಮಿಲಿಮೀಟರ್ ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ನಿಯಮದಂತೆ ಹೂತರೂ ಇಂಥ ನೆಲದಲ್ಲಿ ಅದರ ರೋಧ ಬೇಸಿಗೆಯಲ್ಲಿ 100 ಓಮ್ ಮುಟ್ಟಬಹುದು. ಆಗ 230 ವೋಲ್ಟು ಪೂರ್ತಿ ತಗಡಿಗೆ ಬಂದರೂ ಅರ್ಥ್ ಮೂಲಕ ಹರಿಯುವುದು 2.3 ಆಂಪಿಯರ್. 32 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಎಂಸಿಬಿ ಬೀಳದೆ ಹಾಗೇ ನಿಂತಿರುತ್ತದೆ. ಮಿಷನ್ನಿನ ಮೈಯಲ್ಲಿ ಮಾತ್ರ ಮುಟ್ಟಿದವರಿಗಾಗಿ ಕರೆಂಟು ಕಾದಿರುತ್ತದೆ.

ಇದಕ್ಕೆ ಎರಡು ಕಡೆಯಿಂದ ಪರಿಹಾರ ಬರಬೇಕು. ಒಂದು, ಅರ್ಥ್ ಗುಂಡಿಯನ್ನು ಸರಿ ಮಾಡುವುದು. ಇದ್ದಿಲು, ಉಪ್ಪು ತುಂಬಿ ನೀರು ಹುಯ್ಯುವ ಹಳೆಯ ಕ್ರಮ ಕೆಲಸ ಮಾಡುತ್ತದೆ, ನೀರು ಹುಯ್ಯುವವರಿದ್ದರೆ. ಉಪ್ಪು ಕ್ರಮೇಣ ಪೈಪನ್ನೇ ತಿನ್ನುತ್ತದೆ. ಅದಕ್ಕಿಂತ ತೇವ ಹಿಡಿದಿಡುವ ಬೆಂಟೋನೈಟ್ ಜೇಡಿಯೊಳಗೆ ತಾಮ್ರಲೇಪದ ರಾಡು ಇಳಿಸುವುದು ಹೆಚ್ಚು ಬಾಳುತ್ತದೆ. ಒಂದೇ ಗುಂಡಿಯಲ್ಲಿ ರೋಧ ಇಳಿಯದಿದ್ದರೆ ಎರಡನೆಯದನ್ನು ತೆಗೆದು ಎರಡನ್ನೂ ಕೂಡಿಸಬೇಕು. ಆದರೆ ಅವುಗಳ ನಡುವೆ ರಾಡಿನ ಉದ್ದದ ಎರಡರಷ್ಟಾದರೂ ಅಂತರವಿರಬೇಕು. ಪಕ್ಕಪಕ್ಕ ಹೂತರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಂಡು ಲಾಭ ತೀರಾ ಕಡಿಮೆಯಾಗುತ್ತದೆ. ಬಚ್ಚಲ ನೀರು ಹೋಗುವ ಕಡೆ, ತೆಂಗಿನ ಪಾತಿಯ ಪಕ್ಕ ಗುಂಡಿ ತೆಗೆಯುವ ಊರವರ ಜಾಣತನ ಇಲ್ಲಿ ಶಾಸ್ತ್ರಕ್ಕೂ ಒಪ್ಪುತ್ತದೆ. ಒಪ್ಪದಿರುವುದು ಬೋರ್‌ವೆಲ್ ಕೇಸಿಂಗಿಗೆ ಅರ್ಥ್ ವೈರು ಸುತ್ತುವ ರೂಢಿ. ಮಿಷನ್ನಿನಲ್ಲಿ ದೋಷವಾದ ದಿನ ಕೇಸಿಂಗು, ಅದಕ್ಕೆ ಕೂಡಿದ ಪೈಪು, ನಲ್ಲಿ ಎಲ್ಲಕ್ಕೂ ಕರೆಂಟು ಹತ್ತುತ್ತದೆ. ನ್ಯೂಟ್ರಲನ್ನೇ ಸಾಕೆಟ್ಟಿನ ಅರ್ಥ್ ಪಿನ್ನಿಗೆ ಕೂಡಿಸುವುದು ಇನ್ನೂ ಕೆಟ್ಟದ್ದು: ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಮಿಷನ್ನಿನ ಮೈಗೆ ಸೀದಾ ಫೇಸು ಬಂದು ಕೂರುತ್ತದೆ.

ಎರಡನೆಯ ಪರಿಹಾರ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ವಾಪಸು ಬಂತೇ ಎಂದು ಅದು ಸದಾ ತೂಗಿ ನೋಡುತ್ತದೆ. 30 ಮಿಲಿ ಆಂಪಿಯರಿನಷ್ಟು, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲಿನಷ್ಟು, ಬೇರೆ ದಾರಿ ಹಿಡಿದರೂ ಸೆಕೆಂಡಿನ ಸಣ್ಣ ಅಂಶದಲ್ಲಿ ಲೈನು ಕಡಿಯುತ್ತದೆ. 100 ಓಮಿನ ಬಡ ಅರ್ಥಿನಲ್ಲೂ 2.3 ಆಂಪಿಯರ್ ಹರಿಯುವುದರಿಂದ ಅದಕ್ಕೆ ಬೇಕಾದದ್ದಕ್ಕಿಂತ ಹತ್ತಾರು ಪಟ್ಟು ಸಿಕ್ಕಿಬಿಡುತ್ತದೆ. ಆದ್ದರಿಂದ ಕೋಲಾರದಂಥ ನೆಲದಲ್ಲಿ ಆರ್‌ಸಿಸಿಬಿ ಇಲ್ಲದ ವೆಲ್ಡಿಂಗ್ ಪಾಯಿಂಟನ್ನು ಅರ್ಧ ಮಾಡಿದ ಕೆಲಸವೆಂದೇ ಎಣಿಸಬೇಕು. ಇನ್ವರ್ಟರ್ ಮಿಷನ್ನಿಗೆ ‘ಎ’ ಮಾದರಿಯದು ಸೂಕ್ತ, ಏಕೆಂದರೆ ಅದರ ಸೋರಿಕೆಯಲ್ಲಿ ಡಿಸಿಯ ಅಂಶವೂ ಇರಬಹುದು. ಹಳೆಯ ಧೂಳು ಹಿಡಿದ ಮಿಷನ್ನು ಹಚ್ಚಿದೊಡನೆ ಆರ್‌ಸಿಸಿಬಿ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿಸುವವರಿದ್ದಾರೆ. ದೂರು ಇರಬೇಕಾದದ್ದು ಮಿಷನ್ನಿನ ಮೇಲೆ.

ಎಂಸಿಬಿಯಲ್ಲೂ ಬಿ, ಸಿ, ಡಿ ಎಂಬ ಬಗೆಗಳಿವೆ. ಸಿ ಬಗೆಯದು ತನ್ನ ಅಂಕಿಯ ಐದರಿಂದ ಹತ್ತು ಪಟ್ಟು ಕರೆಂಟಿಗೆ, ಡಿ ಬಗೆಯದು ಹತ್ತರಿಂದ ಇಪ್ಪತ್ತು ಪಟ್ಟಿಗೆ ತಕ್ಷಣ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ಸೆಟ್ಟು ಸ್ವಿಚ್ ಹಾಕಿದ ಕ್ಷಣದಲ್ಲಿ ಎಳೆಯುವ ಭಾರೀ ಕರೆಂಟಿಗೆ ಡಿ ಒಳ್ಳೆಯದೆಂದು ಕೈಪಿಡಿಗಳು ಹೇಳುತ್ತವೆ. ಹಳ್ಳಿಯ ಉದ್ದ ಲೈನಿನಲ್ಲಿ ಇದಕ್ಕೊಂದು ತೊಡಕಿದೆ. 32ರ ಡಿ ಎಂಸಿಬಿ ತಕ್ಷಣ ಬೀಳುವುದು ಖಾತ್ರಿಯಾಗಲು 640 ಆಂಪಿಯರ್ ಬೇಕು. ಟಿಸಿಯಿಂದ ಮನೆಯವರೆಗಿನ ತಂತಿಯ ರೋಧ ಹೋಗಿ ಬರುವ ದಾರಿಯಲ್ಲಿ ಒಂದು ಓಮ್ ಇದ್ದರೆ ಫೇಸು-ನ್ಯೂಟ್ರಲ್ ನೇರ ತಗುಲಿದರೂ 230 ಆಂಪಿಯರ್ ಮೀರುವುದಿಲ್ಲ. ಎಂಸಿಬಿ ಕಾದು ಬೀಳುವವರೆಗೆ ಕೆಲವು ಸೆಕೆಂಡು ಕಿಡಿ ಉಗುಳುತ್ತಲೇ ಇರುತ್ತದೆ. ಮನೆಯ ಇನ್ವರ್ಟರ್ ಮಿಷನ್ನಿಗೆ ಸಿ ಬಗೆಯೇ ಸಾಕು.

ಮಿಷನ್ನಿನ ಹೊರಗಡೆಯ ಎರಡು ಕೇಬಲ್ಲುಗಳಲ್ಲಿ ಒಂದಕ್ಕೆ ಎಲ್ಲರೂ ‘ಅರ್ಥ್ ಕ್ಲ್ಯಾಂಪು’ ಎನ್ನುತ್ತಾರೆ. ಅದಕ್ಕೂ ಮೇಲೆ ಹೇಳಿದ ಅರ್ಥಿಂಗಿಗೂ ಸಂಬಂಧವಿಲ್ಲ; ಅದು ವೆಲ್ಡಿಂಗಿನ ನೂರಾರು ಆಂಪಿಯರ್ ವಾಪಸು ಬರುವ ದಾರಿ. ಕೆಲಸದ ತುಂಡಿಗೇ, ಬೆಸುಗೆಯ ಹತ್ತಿರವೇ, ಬಣ್ಣ ತುಕ್ಕು ಕೆರೆದು ಅದನ್ನು ಕಚ್ಚಿಸಬೇಕು. ಶೆಡ್ಡಿನ ಕಂಬಕ್ಕೋ ಕೊಟ್ಟಿಗೆಯ ಕಂಬಿಗೋ ಕಚ್ಚಿಸಿ ಬೇರೆಲ್ಲೋ ಬೆಸುಗೆ ಹಾಕಿದರೆ ಆ ಕರೆಂಟು ಸಿಕ್ಕ ಸಿಕ್ಕ ದಾರಿಯಲ್ಲಿ, ಮನೆಯ ಅರ್ಥ್ ವೈರಿನ ಮೂಲಕವೂ, ಹರಿದು ಅದನ್ನು ಸುಟ್ಟುಹಾಕಬಹುದು. ಸುಟ್ಟದ್ದು ಯಾರಿಗೂ ಕಾಣುವುದಿಲ್ಲ. ಕಂಬಿಗೆ ಕಟ್ಟಿದ ಹಸುವಿನ ಕಷ್ಟ ಬೇರೆ. ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು, ಗಂಜಲದಲ್ಲಿ ನೆನೆದ ನೆಲ. ಮನುಷ್ಯರಿಗೆ ಜುಮ್ಮೆನಿಸುವಷ್ಟು ವೋಲ್ಟೇಜು ದನಕ್ಕೆ ಮಾರಕವಾಗಬಹುದು. ಕೊಟ್ಟಿಗೆಯ ಕಂಬಿ ಬೆಸೆಯುವಾಗ ದನಗಳನ್ನು ಆಚೆ ಕಟ್ಟುವುದು ಕ್ಷೇಮ. ಕಿಡಿ ಹೊತ್ತದಿರುವಾಗ ರಾಡಿನ ತುದಿಯಲ್ಲಿ 60ರಿಂದ 80 ವೋಲ್ಟ್ ನಿಂತಿರುತ್ತದೆ. ಒಣ ಕೈಗೆ ಅದು ಅಷ್ಟಾಗಿ ತಿಳಿಯದು, ಬೆವರಿದ ಮೈಗೆ, ಒದ್ದೆ ನೆಲದಲ್ಲಿ ಕೂತವರಿಗೆ ಸಾಕಷ್ಟು ತಿಳಿಯುತ್ತದೆ.

ಸಾಕೆಟ್ಟಿನ ಜಾಗ ನೆಲದಿಂದ ಸೊಂಟ ಮೀರಿದ ಎತ್ತರದಲ್ಲಿ, ಕಿಡಿ ಸಿಡಿಯದ ಮೂಲೆಯಲ್ಲಿ, ಶೆಡ್ಡಿನ ಬಾಗಿಲಿಗೆ ಹತ್ತಿರವಿರಬೇಕು. ಪಕ್ಕದಲ್ಲೇ ಡಬಲ್ ಪೋಲ್ ಸ್ವಿಚ್ಚು ಬೇಕು. ಹುಲ್ಲಿನ ಬಣವೆ, ರೇಷ್ಮೆ ಚಂದ್ರಿಕೆ, ಬೈಕಿನ ಪೆಟ್ರೋಲು ಇವೆಲ್ಲ ದೂರವಿರಬೇಕೆಂಬುದು ಎಲ್ಲರಿಗೂ ಗೊತ್ತು. ಜಾಗವಿಲ್ಲದ ಮನೆಯಲ್ಲಿ ಅವೆಲ್ಲ ಅದೇ ಶೆಡ್ಡಿನಲ್ಲೇ ಇರುವುದೂ ಅಷ್ಟೇ ನಿಜ.

ಕಾನೂನಿನ ಕಡೆಯಿಂದ ನೋಡಿದರೆ ಈ ವೈರಿಂಗನ್ನು ಲೈಸೆನ್ಸ್ ಪಡೆದ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಕೋಲಾರ ಜಿಲ್ಲೆಗೆ ವಿದ್ಯುತ್ ಹಂಚುವುದು ಬೆಸ್ಕಾಂ, ಜನ ಈಗಲೂ ಕೆಇಬಿ ಎಂದೇ ಕರೆದರೂ. ಮನೆಗೆ ಮಂಜೂರಾದ ಲೋಡು ಬಿಲ್ಲಿನಲ್ಲೇ ನಮೂದಾಗಿರುತ್ತದೆ. ಅದು ಒಂದೆರಡು ಕಿಲೋವಾಟಾಗಿದ್ದರೆ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೊಟ್ಟು ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಬೇಕು. ಆಗ ಕಂಬದಿಂದ ಬರುವ ಸರ್ವಿಸ್ ವೈರು, ಮೀಟರು ಆ ಭಾರ ತಾಳುತ್ತವೆಯೇ ಎಂಬುದೂ ನೋಡಿದಂತಾಗುತ್ತದೆ. ಸ್ವಂತ ಮನೆಯ ರಿಪೇರಿಗೆ ಆಗೊಮ್ಮೆ ಈಗೊಮ್ಮೆ ಬಳಸುವುದು ಬೇರೆ, ಊರವರ ಕೆಲಸ ಹಿಡಿದು ಕೂಲಿ ಪಡೆಯುವುದು ಬೇರೆ. ಎರಡನೆಯದಕ್ಕೆ ಕೈಗಾರಿಕೆಯ ಎಲ್‌ಟಿ-5 ಸಂಪರ್ಕ ಬೇಕು. 2023ರಲ್ಲಿ ಮನೆಗಳಿಗೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಮನೆಯ ಕರೆಂಟಿನಲ್ಲೇ ಶಾಪು ನಡೆಸುವ ಆಸೆ ಹೆಚ್ಚುವುದು ಸಹಜ. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿನಲ್ಲಿ ತೋಟದ ಮನೆಯಲ್ಲಿ ವೆಲ್ಡಿಂಗ್ ಮಾಡುವುದೂ ಉಂಟು. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೆಯ ಕಲಮಿನಡಿ ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡರಷ್ಟು ಲೆಕ್ಕ ಹಾಕಿ ವಸೂಲಿ ಮಾಡುತ್ತಾರೆ. ತಂತಿಗೆ ನೇರ ಕೊಕ್ಕೆ ಹಾಕಿದರೆ 135ನೆಯ ಕಲಮಿನ ಕಳ್ಳತನ, ಅದಕ್ಕೆ ಜೈಲೂ ಇದೆ. ಕೊಕ್ಕೆ ಹಾಕಿದ ಲೈನಿನಲ್ಲಿ ಎಂಸಿಬಿಯೂ ಇಲ್ಲ, ಆರ್‌ಸಿಸಿಬಿಯೂ ಇಲ್ಲ ಎಂಬುದು ದಂಡಕ್ಕಿಂತ ದೊಡ್ಡ ಸಂಗತಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಫೀಡರನ್ನು ಊರಿನ ಫೀಡರಿನಿಂದ ಬೇರ್ಪಡಿಸಿದ ಕಡೆ ತೋಟದ ಲೈನಿನಲ್ಲಿ ತ್ರೀ ಫೇಸ್ ಬರುವುದು ದಿನದ ಕೆಲವೇ ಗಂಟೆ. ಉಳಿದ ಹೊತ್ತು ಅಲ್ಲಿ 415 ವೋಲ್ಟಿನ ಮಿಷನ್ನು ಹೇಗೂ ಓಡದು.

ಕೆಲಸ ಮುಗಿದ ಮೇಲೆ ಗುತ್ತಿಗೆದಾರ ಮಾಡಿ ತೋರಿಸಬೇಕಾದ ಪರೀಕ್ಷೆಗಳಿವೆ. ಫೇಸು, ನ್ಯೂಟ್ರಲ್, ಅರ್ಥುಗಳ ನಡುವಿನ ಇನ್ಸುಲೇಷನ್ ರೋಧವನ್ನು ಮೆಗ್ಗರಿನಲ್ಲಿ ನೋಡುವುದು, ಹಸಿರು ವೈರು ಸಾಕೆಟ್ಟಿನ ಪಿನ್ನಿನಿಂದ ಗುಂಡಿಯವರೆಗೆ ತುಂಡಾಗದೆ ಇದೆಯೇ ಎಂದು ನೋಡುವುದು, ಅರ್ಥ್ ಟೆಸ್ಟರಿನಲ್ಲಿ ಗುಂಡಿಯ ರೋಧ ಅಳೆಯುವುದು. ಈ ಕೊನೆಯದನ್ನು ಮಳೆಗಾಲದಲ್ಲಿ ಅಳೆದರೆ ಸುಳ್ಳು ಸಮಾಧಾನ ಸಿಗುತ್ತದೆ. ಮಾರ್ಚ್-ಏಪ್ರಿಲ್‌ನ ಅಂಕಿಯೇ ಲೆಕ್ಕಕ್ಕೆ. ಆಮೇಲೆ ಮಿಷನ್ನಿಗೆ ಪೂರ್ತಿ ಕರೆಂಟಿಟ್ಟು ಎರಡು ಮೂರು ರಾಡು ಸುಟ್ಟು, ಸ್ವಿಚ್ ಆರಿಸಿ, ಪ್ಲಗ್ಗನ್ನೂ ಎಂಸಿಬಿಯ ಮುಂಭಾಗವನ್ನೂ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಇಡಲಾರದಷ್ಟು ಬಿಸಿಯಿದ್ದರೆ ಎಲ್ಲೋ ಸ್ಕ್ರೂ ಸಡಿಲವಿದೆ. ಆರ್‌ಸಿಸಿಬಿಯ ಮೇಲಿನ ‘ಟಿ’ ಗುಂಡಿಯನ್ನು ಕೆಲವು ತಿಂಗಳಿಗೊಮ್ಮೆ ಒತ್ತಿ ಅದು ಬೀಳುತ್ತದೆಯೇ ಎಂದು ಮನೆಯವರೇ ನೋಡಬಹುದು. ಬೀಳದಿದ್ದರೆ ಬದಲಿಸುವವರೆಗೆ ಆ ಸಾಕೆಟ್ಟಿಗೆ ಮಿಷನ್ನು ಹಾಕುವಂತಿಲ್ಲ.